ಬೆಳಕು ನೋಡುವ ಪಟ

ಗಂಡಿನ ಕಡೆಯವರು ಒಂದು ಕಾಲದಲ್ಲಿ ಜಾತಕ ಕೇಳುತ್ತಿದ್ದರು. ಆಮೇಲೆ ಫೋಟೊ ಕೇಳಿದರು. ಈಗ ರಾ ಕೇಳುತ್ತಾರೆ. ಜಾತಕವನ್ನು ತಿದ್ದಬಹುದಿತ್ತು, ಫೋಟೊವನ್ನು ಬೆಳ್ಳಗೆ ಮಾಡಬಹುದಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದ ಹಿರಿಯರಿಗೆ, ಮುಂದೆ ರಾ ಫೈಲ್ ಎಂಬುದೊಂದು ಬರುತ್ತದೆಂದು ಕನಸೂ ಬಿದ್ದಿರಲಿಲ್ಲ.

ಕ್ಯಾಮೆರಾದ ಕಣ್ಣಿಗೆ ಬಿದ್ದದ್ದನ್ನೆಲ್ಲ ತೊಳೆಯದೆ, ತಿದ್ದದೆ, ಇದ್ದದ್ದು ಇದ್ದ ಹಾಗೆ ಹಿಡಿದಿಡುವ ಫೈಲು ಅದು. ಹಿಂದೆಯೂ ಇತ್ತು, ಫೋಟೊಗ್ರಾಫರುಗಳನ್ನು ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ. ಹೊಸ ಕ್ಯಾಮೆರಾಗಳು ಬಂದಮೇಲೆ ಕಥೆ ಬದಲಾಯಿತು. ಇವು ಗುಂಡಿ ಒತ್ತುವ ಮೊದಲೇ ನೋಡಲು ಶುರು ಮಾಡುತ್ತವೆ. "ಗಲ್ಲ ಸ್ವಲ್ಪ ಎತ್ತಿ, ಭುಜ ಇಳಿಸಿ" ಎನ್ನುವಷ್ಟು ಹೊತ್ತೂ ನೂರಾರು ಚಿತ್ರ ಹಿಡಿದು ಒಂದೇ ಫೈಲಿನೊಳಗೆ ಪೇರಿಸುತ್ತವೆ. ಎದೆ ಬಡಿದಾಗಲೆಲ್ಲ ಮುಖಕ್ಕೆ ರಕ್ತ ನುಗ್ಗಿ ಕೆನ್ನೆ ಒಂದೆಳೆ ಕೆಂಪಾಗುತ್ತದೆ, ಮತ್ತೆ ಮಾಸುತ್ತದೆ. ನಮ್ಮ ಕಣ್ಣಿಗೆ ಅದು ಕಾಣದು, ರಾ ಫೈಲಿಗೆ ಕಾಣುತ್ತದೆ. ಅದನ್ನು ಓದುವ ವಿದ್ಯೆ ಬಂದ ಮೇಲೆ ಒಂದು ಚೂರು ಕೆನ್ನೆಯಿಂದಲೇ ಮನುಷ್ಯನ ಎದೆಯ ನಡೆ, ರಕ್ತದ ಬಲ, ಉಸಿರಿನ ತಾಕತ್ತು ಎಲ್ಲ ಹೇಳತೊಡಗಿದರು.

ಜನ ಎಲ್ಲದಕ್ಕೂ ಹೊಂದಿಕೊಳ್ಳುತ್ತಾರೆ, ಇದಕ್ಕೂ ಹೊಂದಿಕೊಂಡರು. ಫೋಟೊಗೆ ಬರುವ ಮುಂಚೆ ಮಜ್ಜಿಗೆ ಕುಡಿದು ಬರುವವರು, ಮಂತ್ರಿಸಿದ ದಾರ ಕಟ್ಟಿಕೊಂಡು ಬರುವವರು, ಗೋಡೆಗೆ ಸುಣ್ಣ ಬಳಿದ ಹಾಗೆ ಕೆನ್ನೆಗೆ ಪೌಡರು ಮೆತ್ತಿಕೊಂಡು ಬರುವವರು. ಅಜ್ಜಿಯರ ಬಾಯಲ್ಲಿ ರಾ ಅನ್ನುವುದು "ಹಸೀದು" ಆಯಿತು. "ಹುಡುಗೀದು ಹಸೀದು ಕಳಿಸ್ತಾರಂತಾ?" ಎಂದು ಮದುವೆ ಮನೆಗಳಲ್ಲಿ ಕೇಳುವುದು ಮಾಮೂಲಾಯಿತು.

ಅರಸೀಕೆರೆಯಲ್ಲಿ ರೈಲ್ವೆ ಸ್ಟೇಷನ್ನಿನ ಎದುರಿಗೆ, ಬೇಕರಿಯ ಮೇಲಿನ ಮಹಡಿಯಲ್ಲಿ ಹೇಮಾವತಿಯ ಸ್ಟುಡಿಯೋ. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ, ನಗು ಇನ್ನೂ ಕಡಿಮೆ. ಆದರೆ ಎದುರಿಗೆ ಕೂತವರನ್ನು ನಗಿಸುವುದರಲ್ಲಿ ಎತ್ತಿದ ಕೈ. ಅವಳಿಗೊಂದು ಪದ್ಧತಿಯಿತ್ತು, ಕೆಲಸ ಕಲಿಸಿದ ಗುರುಗಳಿಂದ ಬಂದದ್ದು. ಪಟ ತೆಗೆಸಿಕೊಳ್ಳುವವರನ್ನು ನೇರ ಸ್ಟೂಲಿನ ಮೇಲೆ ಕೂರಿಸುತ್ತಿರಲಿಲ್ಲ. ಜೊತೆಗೆ ಬಂದವರು ಯಾರಿದ್ದರೂ, ಅವ್ವನೋ ತಂಗಿಯೋ ಗೆಳತಿಯೋ, ಅವರನ್ನು ಮೊದಲು ಕೂರಿಸಿ ಒಂದು ಪಟ ಹೊಡೆಯುತ್ತಿದ್ದಳು. ದೀಪ ಎಲ್ಲಿ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ಅದರಲ್ಲಿ ಗೊತ್ತಾಗುತ್ತಿತ್ತು. ಅದನ್ನು ನೋಡುತ್ತ ನಿಂತ ಮದುವಣಗಿತ್ತಿಯ ಹೆದರಿಕೆಯೂ ಇಳಿಯುತ್ತಿತ್ತು. ಬೆಳಕು ನೋಡುವ ಪಟ ಎಂದು ಅದರ ಹೆಸರು. ಕೆಲಸ ಮುಗಿದ ಮೇಲೆ ಅದರ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ತೆಗೆದ ಪಟಗಳನ್ನೆಲ್ಲ ಜೋಡಿಸಿ, ಹೆಸರು ಹಚ್ಚಿ, ಜಿಲ್ಲೆಯ ದೊಡ್ಡ ಉಗ್ರಾಣದ ಯಂತ್ರಗಳಿಗೆ ಒಂದು ಪ್ರತಿ ಕಳಿಸಿ ಕಾಪಾಡುವುದು ಪೆಟಾರಿ ಎಂಬ ಸಾಫ್ಟ್‌ವೇರಿನ ಕೆಲಸ. ಒಂದು ಸಲ ಕೂತಾಗ ತೆಗೆದ ಪಟಗಳನ್ನೆಲ್ಲ ಅದು ಒಂದೇ ಗಂಟಿಗೆ ಹಾಕಿ ಒಂದೇ ಹೆಸರು ಕೊಡುತ್ತದೆ. ಹತ್ತು ವರ್ಷ ರಾ ಉಳಿಸಬೇಕೆಂದು ಕಾನೂನು. ಬೇಡ ಅನ್ನುವವರು ಬಂದು ಹೇಳಿ ತಮ್ಮದನ್ನು ಅಳಿಸಿಸಬಹುದು. ಮುಖ ನೋಡಿ ಹುಡುಕುವುದನ್ನು ಸರ್ಕಾರ ನಿಷೇಧಿಸಿತ್ತು, ಹೆಸರು ಹಿಡಿದೇ ಹುಡುಕಬೇಕು. ಉಗ್ರಾಣದ ಬಾಡಿಗೆ ಏರುತ್ತ ಹೋದಾಗ ಪೆಟಾರಿ ಒಂದು ದಿನ ಹೇಮಾವತಿಯನ್ನು ಕೇಳಿತು: ಜಾಗ ಉಳಿಸಲೇ? ಎದುರಿಗೆ ನಾಮಕರಣದ ಮಗು ಅರಚುತ್ತಿತ್ತು, ಅವಳು ಹೂಂ ಎಂದು ಒತ್ತಿದಳು. ಏನು ಉಳಿಸುತ್ತದೆ, ಏನು ಬಿಡುತ್ತದೆ ಎಂದು ಓದಲಿಲ್ಲ. ನಾವು ಯಾರು ತಾನೇ ಓದುತ್ತೇವೆ?

ಅದಾದ ಮೇಲಿನ ವರ್ಷ ಪುಷ್ಪಲತಾ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಳು. ಕೊಬ್ಬರಿ ಮಂಡಿಯವರ ಮನೆಯ ಯಜಮಾನಿ, ಊರಲ್ಲಿ ಮಾತು ನಡೆಯುವ ಹೆಂಗಸು. ಹಿಂದೆಯೇ ಮಗಳು ಇಂಚರ ಬಂದವಳು ಅರ್ಧ ಮೆಟ್ಟಿಲಿಗೇ ಕೂತುಬಿಟ್ಟಳು.

"ಬಾರೇ ಮೇಲೆ."

"ನೀ ಹೋಗಮ್ಮ, ನಾನಿಲ್ಲೇ ಇರ್ತೀನಿ."

"ಇಪ್ಪತ್ತೆರಡು ವರ್ಷಕ್ಕೆ ಹತ್ತು ಮೆಟ್ಲು ಹತ್ತಕ್ಕಾಗಲ್ಲ. ಮೊಬೈಲ್ ನೋಡ್ಕೊಂಡು ಬಿದ್ದಿರ್ತಾಳೆ, ಇನ್ನೇನಾಗುತ್ತೆ" ಎಂದು ಗೊಣಗುತ್ತ ಪುಷ್ಪಲತಾ ಒಳಗೆ ಬಂದು ಕುರ್ಚಿ ಎಳೆದುಕೊಂಡಳು. "ಹೇಮಾ ಅವ್ರೇ, ನಮ್ಮನೆ ಮಾನ ಹೋಗಿದೆ."

ವಿಷಯ ಹೀಗಿತ್ತು. ಮಗ ತೇಜಸ್ ತನ್ನ ಆರೋಗ್ಯ ವಿಮೆಗೆ ಹೆಂಡತಿ ನಿಸರ್ಗಳ ಹೆಸರು ಸೇರಿಸಲು ಹೋಗಿದ್ದ. ಕಂಪನಿಯವರು ಅವಳ ರಾ ಕೇಳಿದರು. ನಿಶ್ಚಿತಾರ್ಥಕ್ಕೆ ಹೇಮಾವತಿ ತೆಗೆದಿದ್ದ ಪಟದ ರಾ ಉಗ್ರಾಣದಿಂದ ನೇರ ಹಾಸನದ ಪರೀಕ್ಷಾ ಕೇಂದ್ರಕ್ಕೆ ಹೋಯಿತು. ಎದೆಬಡಿತ ಆಗಾಗ ಎಡವುತ್ತಿದೆ, ಹೃದಯದ ಕವಾಟದಲ್ಲಿ ದೋಷವಿರಬಹುದು ಎಂದು ವರದಿ ಬಂತು.

"ನಂಬಿಕೆ ಮೇಲೆ ಹಸೀದು ಕೇಳದೇ ತಂದ್ಕೊಂಡ್ವಿ, ರೋಗದ ಹುಡುಗೀನ ಮುಚ್ಚಿಟ್ಟು ಕೊಟ್ಟಿದಾರೆ. ತವರಿಗೆ ಕಳಿಸಿದೀನಿ. ಭಾನುವಾರ ಎರಡೂ ಕಡೆ ಹಿರಿಯರು ಸೇರ್ತಾರೆ. ಅವತ್ತಿಗೆ ನಿಮ್ಮ ಸ್ಟುಡಿಯೋ ಮುದ್ರೆ ಹಾಕಿರೋ ಮೂಲಪ್ರತಿ ಬೇಕು ನಂಗೆ."

"ಡಾಕ್ಟರಿಗೆ ತೋರಿಸಿದ್ರಾ ಪುಷ್ಪಕ್ಕ?"

"ಅವರಪ್ಪ ತೋರಿಸಿದಾರೆ. ಎಲ್ಲಾ ಸರಿ ಇದೆ ಅಂತ ಬರಸ್ಕೊಂಡು ಬಂದವ್ರೆ. ಡಾಕ್ಟ್ರು ಕೈಲಿ ಏನು ಬೇಕಾದ್ರೂ ಬರಸಬಹುದು. ಹಸೀದು ಸುಳ್ಳು ಹೇಳುತ್ತಾ?" ಧ್ವನಿ ತಗ್ಗಿಸಿ, ಮೆಟ್ಟಿಲ ಕಡೆ ನೋಡಿ ಹೇಳಿದಳು. "ಅದಕ್ಕೇ ನಾನು ನಮ್ಮ ಇಂಚರಂದು ಒಂದೂ ಉಳಿಸಿಲ್ಲ. ಹುಟ್ಟಿದಬ್ಬ, ಆರತಿ, ಕಾಲೇಜು, ಎಲ್ಲಾ ಅಳಿಸಿದ್ದಾಯ್ತು. ನೀವೇ ತಾನೆ ಅಳಿಸಿಕೊಟ್ಟಿದ್ದು? ಹೆಣ್ಮಗು ಹಸೀದು ಎಲ್ಲೂ ಉಳೀಬಾರ್ದು. ಈಗ ಒಂದು ಒಳ್ಳೆ ಕಡೆಯಿಂದ ಮಾತು ಬಂದಿದೆ ಬೇರೆ."

ಹೇಮಾವತಿ ಶುಕ್ರವಾರ ಕೊಡುತ್ತೇನೆ ಎಂದಳು. ಬೇರೆ ಏನು ಹೇಳಲಿಕ್ಕೂ ಅವಳಿಗೆ ಅಧಿಕಾರವಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ನಿಸರ್ಗ ಬಂದಳು. ಕಣ್ಣು ಊದಿತ್ತು, ಆದರೆ ಮೆಟ್ಟಿಲುಗಳನ್ನು ಒಂದು ಬಿಟ್ಟು ಒಂದು ಹತ್ತಿಕೊಂಡೇ ಬಂದಳು.

"ಆಂಟಿ, ನಾನು ಕಾಲೇಜಲ್ಲಿ ಕಬಡ್ಡಿ ಆಡ್ತಿದ್ದೋಳು. ಒಂದಿನಾನೂ ಎದೆ ಹಿಡ್ಕೊಂಡಿಲ್ಲ. ನನ್ನ ಎದೆ ಹೆಂಗೆ ಎಡವುತ್ತೆ ಹೇಳಿ."

"ವರದಿಲಿ ಬಂದಿದೆಯಲ್ಲಮ್ಮ."

"ಬಂದಿದೆ. ಡಾಕ್ಟ್ರು ಇಲ್ಲ ಅಂದ್ರು. ಅದು ಬಂದು ಹೋಗೋ ಕಾಯ್ಲೆ, ಒಂದು ಸಲ ನೋಡಿದ್ರೆ ಸಿಗಲ್ಲ ಅಂತ ಅತ್ತೆ ಹೇಳ್ತಾರೆ. ತೇಜಸ್ಸು... ಅವರು ಏನೂ ಅನ್ಲಿಲ್ಲ. ನನ್ನ ಬ್ಯಾಗು ಆಟೋಗೆ ಇಟ್ಟು ಬಂದ್ರು, ಅಷ್ಟೆ. ಒಂದೇ ಒಂದು ಸಲ ನೀವು ಆ ಫೈಲು ತೆಗೆದು ನೋಡ್ತೀರಾ?"

ಹೇಮಾವತಿಗೆ ಆಗ ಹೊಳೆಯಿತು, ತಾನೂ ಅದನ್ನು ನೋಡಿಯೇ ಇಲ್ಲ. ಯಾರೂ ನೋಡಿಲ್ಲ. ಪೆಟಾರಿ ಹೆಸರು ನೋಡಿ ಕಳಿಸಿತು, ಕೇಂದ್ರದ ಯಂತ್ರ ಕೆನ್ನೆ ನೋಡಿ ಬರೆಯಿತು. ರಾ ಫೈಲನ್ನು ಪಟವಾಗಿ ಬಿಡಿಸುವ ಬೀಗದ ಕೈ ಇದ್ದದ್ದು ಸ್ಟುಡಿಯೋದಲ್ಲಿ ಮಾತ್ರ. ಅವಳು ಉಗ್ರಾಣದಿಂದ ಫೈಲನ್ನು ಇಳಿಸಿಕೊಂಡು ಬಿಡಿಸಿದಳು.

ಪರದೆಯ ಮೇಲೆ ಮೂಡಿದ ಮುಖ ಇಂಚರಳದು.

ಪೌಡರು ಕಾಣದ ಕೆನ್ನೆ, ಅರ್ಧ ನಗು, ಕ್ಯಾಮೆರಾಕ್ಕೆ ಅಡ್ಡ ಹಿಡಿಯಲು ಎತ್ತಿದ ಒಂದು ಕೈ. ಆ ದಿನವೆಲ್ಲ ಹೇಮಾವತಿಗೆ ನೆನಪಾಯಿತು. ಭಾವಿ ಸೊಸೆಯನ್ನು ಹೇಮಾವತಿ ತೀರಾ ಬೆಳ್ಳಗೆ ಮಾಡಿಬಿಟ್ಟಾಳೆಂದು ಕಾವಲಿಗೆ ಪುಷ್ಪಲತಾ ಮಗಳನ್ನೇ ಕಳಿಸಿದ್ದಳು. ಸ್ಟೂಲಿನ ಮೇಲೆ ಕೂರು ಎಂದಾಗ ಇಂಚರ, "ನಂದು ಬೇಡಪ್ಪ, ಅಮ್ಮ ಬೈತಾಳೆ" ಎಂದಿದ್ದಳು. "ಇದು ಫೋಟೊ ಅಲ್ಲ ಕಣಮ್ಮ, ಬರೀ ಬೆಳಕು" ಎಂದು ತಾನೇ ಕೂರಿಸಿದ್ದು.

ಪೆಟಾರಿ ಮಾಡಿದ್ದೇನೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಜಾಗ ಉಳಿಸು ಎಂದರೆ, ಒಂದು ಗಂಟಿನಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಚರ್ಮ ಕಾಣುವ ಒಂದು ರಾ ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡು ಎಂದರ್ಥ. ಮದುವಣಗಿತ್ತಿಯ ಮುಖಕ್ಕೆ ಬ್ಯೂಟಿ ಪಾರ್ಲರಿನವರು ಮೆತ್ತಿದ ಬಣ್ಣ, ಜೊತೆಗೆ ಬಂದವಳಿಗೆ ಬರಿ ಕೆನ್ನೆ. ಯಂತ್ರಕ್ಕೆ ಬರಿ ಕೆನ್ನೆ ಇಷ್ಟವಾಯಿತು. ಹೆಸರು ಮಾತ್ರ ಗಂಟಿನದು, ನಿಸರ್ಗ.

"ನನ್ನದೇ ತಪ್ಪು" ಎಂದಳು ಹೇಮಾವತಿ. "ಓದದೆ ಒತ್ತಿಬಿಟ್ಟೆ. ನಿನ್ನ ಬಾಳು ಬೀದಿಗೆ ತಂದೆ."

ನಿಸರ್ಗ ಪರದೆಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಬಿಡುಗಡೆ. ಅದು ನಿಲ್ಲಲಿಲ್ಲ. "ಹಂಗಾದ್ರೆ ಇಂಚರ..." ಎಂದಳು.

ಗೋಡೆಯ ಬೀರುವಿನಲ್ಲಿ ಹೇಮಾವತಿಯ ಹಳೆಯ ಡಿಸ್ಕ್ ಇತ್ತು. ಪೆಟಾರಿಯನ್ನು ನೆಚ್ಚಿಕೊಂಡರೂ, ಪ್ರತಿ ಆಯುಧಪೂಜೆಯ ದಿನ ಕ್ಯಾಮೆರಾಗಳ ಪಕ್ಕ ಅದನ್ನೂ ಇಟ್ಟು, ಕ್ಯಾಮೆರಾಗಳಲ್ಲೇ ಉಳಿದಿದ್ದ ವರ್ಷದ ರಾ ಎಲ್ಲವನ್ನೂ ಒಂದೂ ಬಿಡದೆ ಅದಕ್ಕೆ ಇಳಿಸಿ, ಕುಂಕುಮ ಹಚ್ಚಿ ಒಳಗಿಡುತ್ತಿದ್ದಳು. ಗಂಡ ನಗುತ್ತಿದ್ದ, "ಡಿಸ್ಕಿಗೂ ನಿಂಬೆಹಣ್ಣು ಕಟ್ಟು" ಎಂದು. ಆ ಡಿಸ್ಕಿನಲ್ಲಿ ನಿಸರ್ಗಳ ನಿಜವಾದ ರಾ ಇತ್ತು, ನಾಲ್ಕು.

ಬುಧವಾರದ ಪ್ಯಾಸೆಂಜರಿಗೆ ಇಬ್ಬರೂ ಹಾಸನಕ್ಕೆ ಹೋದರು. ಪರೀಕ್ಷಾ ಕೇಂದ್ರದ ಹಾಲಿನಲ್ಲಿ ಗೋಡೆಯುದ್ದಕ್ಕೂ ಪರದೆಗಳು, ಪರದೆಯ ತುಂಬ ಚೌಕ ಚೌಕ ಕೆನ್ನೆಗಳು. ಕಪ್ಪು, ಗೋಧಿ, ಎಣ್ಣೆಗೆಂಪು. ಮುಖವೂ ಇಲ್ಲ, ಹೆಸರೂ ಇಲ್ಲ. ಪ್ರತಿ ಚೌಕದ ಕೆಳಗೂ ಒಂದು ಗೆರೆ ಏರಿಳಿಯುತ್ತಿತ್ತು. ಎಷ್ಟೊಂದು ಜನ ಬದುಕಿದ್ದಾರೆ ಎಂದು ಹೇಮಾವತಿಗೆ ಯಾಕೋ ಅನ್ನಿಸಿ ಕಣ್ಣು ತುಂಬಿತು.

ಕೇಂದ್ರದ ಡಾಕ್ಟರ್ ನಾಜನೀನ್ ನಿಸರ್ಗಳಿಂದ ಒಪ್ಪಿಗೆಯ ಹೆಬ್ಬೆಟ್ಟು ಪಡೆದು ಅವಳ ನಾಲ್ಕು ಫೈಲುಗಳನ್ನು ಓದಿಸಿದರು. ಬಣ್ಣದ ಮರೆಯಿಂದಲೂ ಗೆರೆ ಸರಾಗವಾಗಿ ಓಡಿತು. "ಒಳ್ಳೆ ಗಟ್ಟಿ ಎದೆ ನಿಮ್ಮದು" ಎಂದರು. ಆಮೇಲೆ ಹೇಮಾವತಿಯ ಕಡೆ ತಿರುಗಿದರು. "ಇನ್ನೊಂದನ್ನ ನಾನು ಮತ್ತೆ ಓದೋ ಹಾಗಿಲ್ಲ. ಅವರ ಒಪ್ಪಿಗೆ ಇಲ್ಲ. ಯಾರು ಅಂತ ನನಗೆ ಹೇಳ್ಲೂಬೇಡಿ. ಆದ್ರೆ ಮೊದಲು ಓದಿಸಿದ್ದು ನಾನೇ, ಆ ಗೆರೆ ನೆನಪಿದೆ. ಆ ಎದೆ ಯಾರದ್ದಾದ್ರೂ ಸರಿ, ಬೇಗ ಸ್ಕ್ಯಾನ್ ಮಾಡಿಸ್ಬೇಕು. ಈಗ ಸಣ್ಣ ರಿಪೇರಿಲಿ ಹೋಗೋದು, ಬಿಟ್ರೆ ಉಳಿಯಲ್ಲ. ಹೆಣ್ಣುಮಕ್ಕಳಾದ್ರೆ ಬಸಿರು ಬಾಣಂತನಕ್ಕೆ ತಡೆಯಲ್ಲ ಅದು."

ವಾಪಸು ಬರುವಾಗ ಹೇಮಾವತಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು. ನಿಜ ಹೇಳಿದರೆ ಇಂಚರಳಿಗೆ ಬಂದ ಸಂಬಂಧ ಮುರಿಯುತ್ತದೆ. ಹೇಳದಿದ್ದರೆ ನಿಸರ್ಗಳ ಸಂಸಾರ ಮುರಿಯುತ್ತದೆ, ಇಂಚರಳ ಜೀವವೂ ಹೋದೀತು. ಇಷ್ಟಕ್ಕೂ ತನ್ನ ತಪ್ಪು ನಡೆಯದೇ ಇದ್ದಿದ್ದರೆ? ಆ ಹುಡುಗಿಯ ರಾ ಯಾರೂ ಓದುತ್ತಿರಲಿಲ್ಲ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ತಪ್ಪಿಗೆ ಕೈಮುಗಿಯಬೇಕೋ ಕೆನ್ನೆ ಬಡಿದುಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ. "ನೀನೇನಂತೀಯಮ್ಮ?" ಎಂದು ಕೇಳಿದಳು.

ಕಿಟಕಿಯಾಚೆ ನೋಡುತ್ತಿದ್ದ ನಿಸರ್ಗ, "ನಾಳೆ ಅವರ ಮನೆಗೆ ಹೋಗಣ ಆಂಟಿ. ಹಿರಿಯರು ಸೇರೋಕೆ ಮುಂಚೆ" ಎಂದಳು.

ಪುಷ್ಪಲತಾಳ ಮನೆಯ ಅಂಗಳದಲ್ಲಿ ಕೊಬ್ಬರಿ ಒಣಗುತ್ತಿತ್ತು. ಸೊಸೆಯನ್ನು ಕಂಡು ಅವಳು ಮುಖ ತಿರುಗಿಸಿದಳು, ಹೇಮಾವತಿಯನ್ನು ಕಂಡು ಮಣೆ ಹಾಕಿದಳು. "ತಂದ್ರಾ ಮೂಲಪ್ರತಿ?"

ಹೇಮಾವತಿ ಟ್ಯಾಬನ್ನು ಅವಳ ಮಡಿಲಲ್ಲಿಟ್ಟಳು.

ಮಗಳ ಮುಖವನ್ನು ತಾಯಿ ಯಾಕೆ ಗುರುತಿಸಲಾರಳು? ಆದರೂ ಪುಷ್ಪಲತಾ ಅದನ್ನು ಬಹಳ ಹೊತ್ತು ನೋಡಿದಳು. ಹೇಮಾವತಿ ತನ್ನ ತಪ್ಪಿನಿಂದ ಹಿಡಿದು ಡಾಕ್ಟರ ಮಾತಿನವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಪುಷ್ಪಲತಾ ತುಟಿ ಬಿಚ್ಚಿದಾಗ ಬಂದದ್ದು ಒಂದೇ ಮಾತು.

"ಅಳಿಸಿಬಿಡಿ."

"ಪುಷ್ಪಕ್ಕ..."

"ಅಳಿಸಿಬಿಡಿ ಹೇಮಾ. ಕಾಲಿಗೆ ಬೀಳ್ತೀನಿ. ನಿಸರ್ಗಾ, ಇವತ್ತೇ ಮನೆಗೆ ಬಾರಮ್ಮ, ತಪ್ಪಾಯ್ತು ಅಂತ ಹಿರಿಯರ ಮುಂದೇನೇ ಹೇಳ್ತೀನಿ. ಮಿಷನ್ನು ತಪ್ಪು ಓದಿತ್ತು ಅನ್ನಣ. ಆ ಗಂಡಿನ ಕಡೆಯವ್ರಿಗೆ ಸುಳಿವು ಸಿಕ್ರೆ ನನ್ನ ಮಗಳ ಗತಿ ಏನು?"

ನಿಸರ್ಗಳಿಗೆ ಬೇಕಾದದ್ದೆಲ್ಲ ಆ ಒಂದು ಮಾತಿನಲ್ಲಿ ಸಿಕ್ಕುತ್ತಿತ್ತು. ಹೂಂ ಎಂದಿದ್ದರೆ ಸಾಕಿತ್ತು. ಅವಳು ಕಂಬಕ್ಕೊರಗಿ ನಿಂತೇ ಹೇಳಿದಳು:

"ಅತ್ತೆ, ಅಳಿಸಿದ್ರೆ ಫೈಲು ಹೋಗುತ್ತೆ. ಕಾಯ್ಲೆ ಹೋಗುತ್ತಾ?"

ಪುಷ್ಪಲತಾ ಸೆರಗು ಬಾಯಿಗೆ ಹಿಡಿದಳು.

"ನಂಗೆ ನಿಮ್ಮೇಲೆ ಸಿಟ್ಟಿದೆ" ಎಂದು ನಿಸರ್ಗ ಮುಂದುವರಿಸಿದಳು. "ಅದು ಇವತ್ತು ನಾಳೆಗೆ ಹೋಗೋದಲ್ಲ. ಆದ್ರೆ ಇಂಚರ ನಂಗೇನು ಮಾಡಿದಾಳೆ? ನಾನು ಆಟೋ ಹತ್ತುವಾಗ ಅತ್ತಿದ್ದು ಅವಳೊಬ್ಳೇ. ಮೆಟ್ಟಿಲು ಹತ್ತಕ್ಕಾಗಲ್ಲ ಅಂದಾಗೆಲ್ಲ ನೀವು ಸೋಮಾರಿ ಅಂದ್ರಿ. ನಾನೂ ನಕ್ಕಿದೀನಿ."

ಒಳಬಾಗಿಲಲ್ಲಿ ಇಂಚರ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಂದು ಅಮ್ಮನ ಮಡಿಲಿಂದ ಟ್ಯಾಬನ್ನು ಎತ್ತಿಕೊಂಡಳು.

"ಹೇಮಾ ಆಂಟಿ, ಇದು ಫೋಟೊ ಅಲ್ಲ, ಬರೀ ಬೆಳಕು ಅಂದಿದ್ರಿ ನೀವು."

"ಅಂದಿದ್ದೆ ಕಣಮ್ಮ."

"ಅಮ್ಮ ಕೂಡ ಉಳಿಸ್ಬಾರ್ದು ಅಂತಿದ್ಲು." ಹುಡುಗಿ ಉಸಿರು ಎಳೆದುಕೊಂಡಳು. "ರಾತ್ರಿ ಮಲಗಿದ್ರೆ ಎದೇಲಿ ಏನೋ ಮೀನು ಹೊರಳಿದಂಗಾಗುತ್ತೆ. ಹೇಳಿದ್ರೆ ಮದುವೆ ನಿಲ್ಲುತ್ತೆ ಅಂತ ಹೇಳಿರ್ಲಿಲ್ಲ. ಹೇಳದೇ ಇದ್ರೂ ಇದಕ್ಕೆ ಗೊತ್ತಿತ್ತು."

ಪುಷ್ಪಲತಾ ಆಗ ಅತ್ತಳು. ಗಟ್ಟಿಯಾಗಿ, ಹೊರಗೆ ಕೊಬ್ಬರಿ ತಿರುವುತ್ತಿದ್ದವರು ಕೈ ನಿಲ್ಲಿಸುವಷ್ಟು ಗಟ್ಟಿಯಾಗಿ. ಮಗಳನ್ನು ಕಾಪಾಡುತ್ತೇನೆಂದು ಇಷ್ಟು ವರ್ಷ ಅಳಿಸಿದ್ದು ಏನನ್ನು ಎಂದು ಅವಳಿಗೆ ಅರ್ಥವಾಗಿತ್ತು.

ಪರದೆಯ ಕೆಳಗೆ ಪೆಟಾರಿ ಕೇಳುತ್ತಿತ್ತು: ಈ ಫೈಲು ಅಳಿಸಬೇಕೇ, ಹೆಸರು ಬದಲಿಸಬೇಕೇ? ರಾ ಯಾರದೋ ಅವರದೇ ತೀರ್ಮಾನ. ಇಂಚರ ಅತ್ತಿಗೆಯ ಹೆಸರನ್ನು ಒರೆಸಿ ತನ್ನ ಹೆಸರು ಬರೆದಳು. "ಡಾಕ್ಟ್ರು ಸರಿಯಾದ ಮನುಷ್ಯರನ್ನ ನೋಡ್ಬೇಕಲ್ಲ" ಎಂದು ನಗಲು ನೋಡಿದಳು.

ಬಂದಿದ್ದ ಸಂಬಂಧ ಮುರಿಯಿತು, ಅದರಲ್ಲಿ ಆಶ್ಚರ್ಯವೇನಿಲ್ಲ. ಭಾನುವಾರ ಹಿರಿಯರು ಸೇರಿ, ಕಾಫಿ ಕುಡಿದು, ಹೇಳಲು ಏನೂ ಸಿಗದೆ ಎದ್ದು ಹೋದರು. ತೇಜಸ್ ಹೆಂಡತಿಯನ್ನು ಕರೆಯಲು ಹೋದ. ನಿಸರ್ಗ ಅವನನ್ನು ಜಗುಲಿಯಲ್ಲಿ ಕೂರಿಸಿ, ಅಂದು ನೀನು ಬಾಯಿ ಯಾಕೆ ಬಿಡಲಿಲ್ಲ ಎಂದು ಕೇಳಿದಳು. ಉತ್ತರ ಸಿಕ್ಕಿದ ಮೇಲೆ ಬರುತ್ತೇನೆ ಎಂದಳು. ಅವನು ಮತ್ತೆ ಮತ್ತೆ ಹೋಗಬೇಕಾಯಿತು. ಇಂಚರಳ ಆಪರೇಷನ್ ದಿನ ಮಾತ್ರ ಆಸ್ಪತ್ರೆಗೆ ಎಲ್ಲರಿಗಿಂತ ಮೊದಲು ಬಂದು ಕೂತವಳು ಅವಳೇ. ಹೇಮಾವತಿ ಪೆಟಾರಿಗೆ ಇನ್ನು ಜಾಗ ಉಳಿಸುವುದು ಬೇಡ ಎಂದು ಒತ್ತಿದಳು, ಬೆಳಕು ನೋಡುವ ಪಟಗಳಿಗೂ ಕೂತವರನ್ನು ಕೇಳಿಯೇ ಹೆಸರು ಹಚ್ಚತೊಡಗಿದಳು. ಬಾಡಿಗೆ ಏರಿತು, ಗಂಡನಿಂದ ಬೈಸಿಕೊಂಡಳು.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಸ್ಟುಡಿಯೋದ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಇಂಚರ ಮುಂದೆ, ಒಂದೇ ಉಸಿರಿಗೆ ಮೇಲೆ ಬಂದಳು. ಹಿಂದೆ ಪುಷ್ಪಲತಾ, ಮಂಡಿ ಹಿಡಿದುಕೊಂಡು, ಏದುತ್ತ.

"ನೋಡಿ ಆಂಟಿ, ಈಗ ಯಾರು ಸೋಮಾರಿ ಅಂತ" ಎಂದಳು ಹುಡುಗಿ. ಕೆಲಸಕ್ಕೆ ಅರ್ಜಿ ಹಾಕಲು ಒಂದು ಪಟ ಬೇಕಿತ್ತು ಅವಳಿಗೆ.

ಹೇಮಾವತಿ ದೀಪಗಳನ್ನು ಹಚ್ಚಿದಳು. ಪದ್ಧತಿಯಂತೆ ಜೊತೆಗೆ ಬಂದವರ ಕಡೆ ತಿರುಗಿದವಳು, ನೆನಪಾಗಿ ಮತ್ತೆ ದೀಪದ ಕಡೆಗೇ ತಿರುಗಿದಳು. ತಮ್ಮ ಮನೆಯವರ ರಾ ಎಲ್ಲೂ ಉಳಿಯಬಾರದೆಂದು ಹಠ ಹಿಡಿದವಳನ್ನು ಹೇಗೆ ಕೇಳುವುದು?

ಪುಷ್ಪಲತಾ ಸ್ಟೂಲನ್ನು ನೋಡಿದಳು, ಕ್ಯಾಮೆರಾವನ್ನು ನೋಡಿದಳು. ಸೆರಗಿನ ತುದಿಯಿಂದ ಮುಖದ ಪೌಡರನ್ನು ಚೆನ್ನಾಗಿ ಒರೆಸಿಕೊಂಡು ಹೋಗಿ ಸ್ಟೂಲಿನ ಮೇಲೆ ಕೂತಳು.

"ಬೆಳಕು ನೋಡ್ಕೊಳ್ಳಿ" ಎಂದಳು. "ಆಮೇಲೆ ಅಳಿಸ್ಬೇಡಿ. ನನ್ನ ಹೆಸರಲ್ಲೇ ಇಡಿ."